ತಯಾರಿಕೆ ನಿಂತುಹೋದ ಇಂಕ್ ಪೆನ್ನು: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹುಡುಕುವುದು, ನೋಡಿ ಆರಿಸುವುದು

ಅಂಗಡಿಗೆ ಹೋಗಿ ‘ವಿಂಟೇಜ್ ಪೆನ್ನು ಇದೆಯಾ’ ಎಂದು ಕೇಳಬೇಡಿ. ಇಲ್ಲ ಅನ್ನುತ್ತಾರೆ, ಇಲ್ಲವೇ ಆ ಮಾತಿಗೇ ಬೆಲೆ ಏರುತ್ತದೆ. ‘ಸಾವ್ಕಾರ್ರೇ, ಹಳೇ ಸ್ಟಾಕಿನ್ಯಾಗ ಇಂಕ್ ಪೆನ್ನು ಏನರ ಉಳದಾವೇನ್ರಿ? ಕೆಟ್ಟಿದ್ರೂ ನಡೀತದ’ ಎಂದರೆ ಸಾಕು. ಮೇಲಿನ ಹಲಗೆಯಿಂದ ಧೂಳು ಹಿಡಿದ ರಟ್ಟಿನ ಡಬ್ಬಿ ಕೆಳಗಿಳಿಯುವುದು ಇಂಥ ಪ್ರಶ್ನೆಗೇ.

ಯಾವ ಅಂಗಡಿ ಎಂಬುದೂ ಮುಖ್ಯ. ಗಾಜಿನ ಶೋಕೇಸು, ಗಿಫ್ಟ್ ಸೆಟ್ಟು ಇಟ್ಟ ಹೊಸ ಅಂಗಡಿಯಲ್ಲಿ ನಿಂತುಹೋದ ಮಾಲು ಸಿಗುವುದಿಲ್ಲ. ಖಾತೆ-ಕಿರ್ದಿ ಪುಸ್ತಕ, ಬಿಲ್ ಬುಕ್ಕು, ಸ್ಟಾಂಪ್ ಪ್ಯಾಡು, ಅರಗು ಮಾರುವ, ಒಂದೇ ಮನೆತನ ಎರಡು ಮೂರು ತಲೆಮಾರಿನಿಂದ ನಡೆಸುತ್ತಿರುವ ಅಂಗಡಿ ನೋಡಿ. ಬಳ್ಳಾರಿಯಲ್ಲಾದರೆ ಬೆಂಗಳೂರು ರೋಡು, ಬ್ರೂಸ್‌ಪೇಟೆಯ ಕಡೆ. ರಾಯಚೂರಿನಲ್ಲಿ ತೀನ್ ಕಂದೀಲ್ ಸುತ್ತಮುತ್ತ. ಕೊಪ್ಪಳದಲ್ಲಿ ಜವಾಹರ ರಸ್ತೆ. ಗಂಗಾವತಿ, ಸಿಂಧನೂರನ್ನು ಬಿಡಬೇಡಿ. ಅಕ್ಕಿ ಗಿರಣಿ, ದಲಾಲಿ ಅಂಗಡಿ ಇದ್ದಲ್ಲಿ ಲೆಕ್ಕ ಬರೆಯುವವರಿದ್ದರು, ಅವರಿಗೆ ಪೆನ್ನು ಮಾರುವವರೂ ಇದ್ದರು. ಶಾಲೆ ಶುರುವಾಗುವ ಮೇ ಕೊನೆ, ಜೂನ್‌ನಲ್ಲಿ ಹೋದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ದೀಪಾವಳಿಗೆ ಎರಡು ವಾರ ಮೊದಲು, ಅಂಗಡಿ ಧೂಳು ಹೊಡೆದು ಹೊಸ ಖಾತೆ ಪುಸ್ತಕ ಇಳಿಸುವಾಗ ಹೋಗಿ.

ಈ ಮೂರು ಜಿಲ್ಲೆಯ ಹಳೇ ಪೆನ್ನು ಒಂದೇ ಥರದ್ದಿರಬೇಕೆಂದಿಲ್ಲ. ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕಚೇರಿ, ಕೋರ್ಟು, ಕಾಲೇಜಿಗೆ ಬಳ್ಳಾರಿಯವರು ಮದ್ರಾಸಿನ ಕಡೆ ನೋಡಿದರೆ, ರಾಯಚೂರಿನವರು ಹೈದರಾಬಾದಿಗೆ ರೈಲು ಹತ್ತಿದರು. ಹಾಗಾಗಿ ಬಳ್ಳಾರಿಯ ಹಳೇ ಮನೆಗಳಲ್ಲಿ ಮದ್ರಾಸಿನ ಗಾಮಾ ಪೆನ್ನಿನ ಮೇಲೆ ಕಣ್ಣಿಡಿ. ರಾಯಚೂರು, ಕೊಪ್ಪಳದಲ್ಲಿ 1928ರಲ್ಲಿ ಶುರುವಾದ ಹೈದರಾಬಾದಿನ ಡೆಕ್ಕನ್ ಪೆನ್ನು ಹುಡುಕಿ. ರಾಜಮಹೇಂದ್ರಿಯ ರತ್ನಂ, ಗೈಡರ್ ಪೆನ್ನುಗಳು ಎರಡೂ ಕಡೆ ಬಂದಿರಬಹುದು. ಇವೆಲ್ಲ ಹೆಚ್ಚಾಗಿ ಎಬೊನೈಟಿನ (ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರಿನ), ಡ್ರಾಪರಿನಲ್ಲಿ ಇಂಕು ತುಂಬುವ ಪೆನ್ನುಗಳು. ಈ ತಯಾರಕರಲ್ಲಿ ಕೆಲವರು ಇಂದಿಗೂ ಪೆನ್ನು ಮಾಡುತ್ತಾರೆ. ಆದ್ದರಿಂದ ಹೆಸರು ಹಳೆಯದೆಂದ ಮಾತ್ರಕ್ಕೆ ಪೆನ್ನು ಹಳೆಯದಲ್ಲ.

ಅಂಗಡಿಗಿಂತ ಮನೆಗಳಲ್ಲಿ ಒಳ್ಳೆಯ ಪೆನ್ನು ಹೆಚ್ಚು. ನಿವೃತ್ತ ಹೆಡ್‌ಮಾಸ್ತರರು, ವಕೀಲರು, ಬಾಂಡ್ ರೈಟರುಗಳು, ತುಂಗಭದ್ರಾ ಯೋಜನೆಯಲ್ಲೋ ಹಟ್ಟಿ ಚಿನ್ನದ ಗಣಿಯಲ್ಲೋ ದುಡಿದ ಎಂಜಿನಿಯರುಗಳ ಮನೆಯ ಬೀರುವಿನಲ್ಲಿ, ಹಳೇ ಕನ್ನಡಕದ ಡಬ್ಬಿಯ ಜೊತೆ ಒಂದಾದರೂ ಬಿದ್ದಿರುತ್ತದೆ. ಮನೆಯವರು ಬೆಲೆ ಗೊತ್ತಿಲ್ಲದೆ ಚಿನ್ನದ ನಿಬ್ಬಿನ ಪೆನ್ನು ಸುಮ್ಮನೆ ಕೊಡಲು ಬಂದರೆ, ಅದು ಏನೆಂದು ಹೇಳಿಯೇ ತೆಗೆದುಕೊಳ್ಳಿ. ಪೆನ್ನಿನ ಮೇಲೆ ಯಾರದೋ ಹೆಸರು ಕೆತ್ತಿದ್ದರೆ ಸಂಗ್ರಹಕಾರರು ಮೂಗು ಮುರಿಯುತ್ತಾರೆ. ಬರೆಯಲು ಕೊಳ್ಳುವವರಿಗೆ ಅದು ಲಾಭ: ಅದೇ ಪೆನ್ನು ಕಡಿಮೆಗೆ ಸಿಗುತ್ತದೆ. ಗುಜರಿ ಅಂಗಡಿಯಲ್ಲಿ ಇಡೀ ಪೆನ್ನು ಸಿಗುವುದು ಅಪರೂಪ, ಆದರೆ ಕ್ಯಾಪು, ನಿಬ್ಬು, ಕ್ಲಿಪ್ಪಿನಂಥ ಬಿಡಿ ಭಾಗಕ್ಕೆ ಒಳ್ಳೆಯ ಜಾಗ. ರಾಯಚೂರಿನವರು ಭಾನುವಾರ ಹೈದರಾಬಾದಿಗೆ ಹೋದರೆ ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕದ ಸಾಲಿನಲ್ಲೂ ಒಂದು ಸುತ್ತು ಹಾಕಬಹುದು.

ನಿಬ್ಬು ಮೊದಲು, ಮೈ ಆಮೇಲೆ, ಹೆಸರು ಕೊನೆಗೆ

ಕೈಯಲ್ಲಿ ನಾಲ್ಕು ಸಾಮಾನು ಇರಲಿ: ಬಂಗಾರದ ಅಂಗಡಿಯವರು ಬಳಸುವ 10 ಪಟ್ಟಿನ ಲೂಪು (ಸಣ್ಣ ಭೂತಗನ್ನಡಿ), ಒಂದು ಸಣ್ಣ ಇಂಕಿನ ಬಾಟಲಿ, ನುಣುಪಾದ ಹಾಳೆ, ಹಳೇ ಹತ್ತಿ ಬಟ್ಟೆ. ಮೊಬೈಲಿನ ಟಾರ್ಚು ಹೇಗೂ ಇದ್ದೇ ಇರುತ್ತದೆ.

ಕ್ಯಾಪು ತೆಗೆಯುವಾಗಲೇ ಅವಸರ ಬೇಡ. ತಿರುಗಿಸುವ ಕ್ಯಾಪೋ ಎಳೆಯುವ ಕ್ಯಾಪೋ ತಿಳಿದುಕೊಳ್ಳಿ. ಒಣಗಿದ ಇಂಕು ಹಿಡಿದಿದ್ದರೆ ಬಲ ಹಾಕಬೇಡಿ, ಅಂಚು ಸೀಳುತ್ತದೆ. ಕ್ಯಾಪಿನ ಬಾಯಿಯನ್ನು ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೆಳಕಿನ ಗೆರೆಯಾಗಿ ಕಾಣುತ್ತದೆ, ಉಗುರಿಗೂ ತಾಗುತ್ತದೆ. ಬಿರುಕು ಬಿಟ್ಟ ಕ್ಯಾಪು ಗಾಳಿ ಬಿಡುತ್ತದೆ, ಗಾಳಿ ಆಡಿದರೆ ನಿಬ್ಬಿನಲ್ಲಿ ಇಂಕು ಒಣಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇಂಥ ಪೆನ್ನು ಬೆಳಿಗ್ಗೆ ತುಂಬಿದರೆ ಮಧ್ಯಾಹ್ನಕ್ಕೆ ಬರೆಯುವುದಿಲ್ಲ. ಪಾರ್ಕರ್ 21ರಲ್ಲಿ ನಿಬ್ಬಿನ ಮೇಲಿನ ಮುಚ್ಚಿಗೆಯೇ ಬಿರುಕು ಬಿಡುವುದು ಸಾಮಾನ್ಯ, ಅದನ್ನು ಕೊಳ್ಳುವಾಗ ಅಲ್ಲೇ ಮೊದಲು ನೋಡಿ.

ನಿಬ್ಬಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗಟ್ಟಿ ಲೋಹದ ಕಾಳಿರುತ್ತದೆ. ಲೂಪಿನಲ್ಲಿ ಪಕ್ಕದಿಂದ ನೋಡಿ. ಅದು ದುಂಡಗಿರಬೇಕು. ಒಂದು ಕಡೆ ಚಪ್ಪಟೆಯಾಗಿ ಓರೆಯಾಗಿ ಸವೆದಿದ್ದರೆ ಹಿಂದಿನವರ ಕೈಗೆ ಹೊಂದಿಕೊಂಡ ನಿಬ್ಬು ಅದು. ನಿಮ್ಮ ಕೈ ಅದೇ ಕೋನದಲ್ಲಿ ಹಿಡಿದರೆ ಬೆಣ್ಣೆಯಂತಿರುತ್ತದೆ, ಇಲ್ಲದಿದ್ದರೆ ಕೆರೆಯುತ್ತದೆ. ಸೀಳಿನ ಆಚೀಚೆ ಇರುವ ಎರಡು ಕಾಲಿನಲ್ಲಿ ಒಂದರ ಕಾಳು ಹಾರಿಹೋಗಿದ್ದರೆ ವಾಪಸ್ ಕೊಟ್ಟುಬಿಡಿ, ಹೊಸ ತುದಿ ಕೂರಿಸುವ ಖರ್ಚು ಪೆನ್ನಿನ ಬೆಲೆಯನ್ನೇ ಮೀರಬಹುದು. ಆಮೇಲೆ ಮೇಲಿನಿಂದ ನೋಡಿ: ಸೀಳು ತೂತಿನಿಂದ ತುದಿಯವರೆಗೆ ಸಣ್ಣಗಾಗುತ್ತ ಬಂದು ತುದಿಯಲ್ಲಿ ಕೂಡುವಂತಿರಬೇಕು. ತೂತಿನ ಪಕ್ಕದಲ್ಲಿ ಇನ್ನೊಂದು ಗೆರೆ ಹೊರಟಿದ್ದರೆ ಅದು ಬಿರುಕು, ಒತ್ತಿ ಬರೆದವರ ಗುರುತು.

ಇಂಕಿನಲ್ಲಿ ನಿಬ್ಬು ಮಾತ್ರ ಅದ್ದಿ ‘ಠ’, ‘ಣ’, ‘ಋ’, ‘ಕ್ಷ್ಮ’ ಬರೆಯಿರಿ. ನಮ್ಮ ಅಕ್ಷರ ಸುತ್ತುಸುತ್ತಾಗಿರುವುದರಿಂದ ನಿಬ್ಬು ಎಲ್ಲ ದಿಕ್ಕಿಗೂ ಓಡಬೇಕಾಗುತ್ತದೆ. ಕೆಳಗೆಳೆಯುವಾಗ ನುಣುಪಾಗಿದ್ದು ಮೇಲೆ ಒತ್ತುವಾಗ ಕೆರೆಯುವ ನಿಬ್ಬು ಇಲ್ಲಿ ಸಿಕ್ಕಿಬೀಳುತ್ತದೆ. ಒಂದೇ ದಿಕ್ಕಿಗೆ ಕೆರೆದರೆ ಒಂದು ಕಾಲು ಇನ್ನೊಂದಕ್ಕಿಂತ ಕೆಳಗಿದೆ ಎಂದರ್ಥ. ಮೇಲಿರುವ ಕಾಲನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ, ಲೂಪಿನಲ್ಲಿ ನೋಡಿ, ಮತ್ತೆ ಒತ್ತಿ. ಇದು ಮನೆಯಲ್ಲೇ ಆಗುವ ಕೆಲಸ, ಹಾಗಾಗಿ ಇದಕ್ಕಾಗಿ ಪೆನ್ನು ಬಿಡಬೇಡಿ, ಚೌಕಾಸಿಗೆ ಮಾತ್ರ ಬಳಸಿ. ಗೆರೆ ತೀರ ತೆಳ್ಳಗೆ, ಒಣಗಿದಂತೆ ಬಂದರೆ ಸೀಳು ಬಿಗಿಯಾಗಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ 0.05 ಮಿ.ಮೀ. ದಪ್ಪದ ಹಿತ್ತಾಳೆ ಶಿಮ್ಮನ್ನು (ತೆಳು ತಗಡನ್ನು) ಸೀಳಿನಲ್ಲಿ ಎರಡು ಮೂರು ಸಲ ಆಡಿಸಿದರೆ ಸಡಿಲವಾಗುತ್ತದೆ. ಬ್ಲೇಡು ಹಾಕಬೇಡಿ, ಒಳಅಂಚು ಕೊಯ್ದು ಹಾಳಾಗುತ್ತದೆ. ಒಂದು ಮಾತು ನೆನಪಿಡಿ: ಅದ್ದಿ ಬರೆದದ್ದು ನಿಬ್ಬಿನ ಪರೀಕ್ಷೆ ಮಾತ್ರ. ಪೆನ್ನು ಇಂಕು ಎಳೆದುಕೊಳ್ಳುತ್ತದೆ ಎಂದು ಅದರಿಂದ ಗೊತ್ತಾಗುವುದಿಲ್ಲ.

ನಿಬ್ಬಿನ ದಪ್ಪ ಆರಿಸುವಾಗ ಒತ್ತಕ್ಷರ ನೆನಪಿರಲಿ. ಬ್ರಾಡ್ ನಿಬ್ಬಿನಲ್ಲಿ ಸಹಿ ಚೆಂದ, ಆದರೆ ರೂಲ್ ಹಾಕಿದ ನೋಟ್‌ಬುಕ್ಕಿನಲ್ಲಿ ‘ಣ್ಣ’, ‘ಷ್ಟ್ರ’ದ ಹೊಟ್ಟೆ ತುಂಬಿಹೋಗುತ್ತದೆ. ಫೈನ್ ಅಥವಾ ಮೀಡಿಯಂ ಸಾಕು. ಜಪಾನಿನ ಫೈನು ಯುರೋಪ್, ಅಮೆರಿಕದ ಫೈನಿಗಿಂತ ಸಣ್ಣದು. ಹಾಗಾಗಿ ಹಳೇ ಪೈಲಟ್, ಸೈಲರ್, ಪ್ಲಾಟಿನಂ ಸಿಕ್ಕರೆ ಮೀಡಿಯಂ ನೋಡಿ.

‘14ಕೆ’ ಅಥವಾ ‘585’, ‘18ಕೆ’ ಅಥವಾ ‘750’ ಎಂದಿದ್ದರೆ ಚಿನ್ನದ ನಿಬ್ಬು. ಹಳದಿ ಬಣ್ಣ ನೋಡಿ ಮರುಳಾಗಬೇಡಿ, ಸ್ಟೀಲಿನ ಮೇಲೆ ಲೇಪವೂ ಇರುತ್ತದೆ. ‘ಇರಿಡಿಯಂ ಪಾಯಿಂಟ್ ಜರ್ಮನಿ’ ಎಂಬ ನಿಬ್ಬು ಎಲ್ಲ ಅಗ್ಗದ ಪೆನ್ನಿಗೂ ಬರುವ ಸಾಮಾನ್ಯ ಸ್ಟೀಲ್ ನಿಬ್ಬು. ಇನ್ನು ಚಿನ್ನದ ತೂಕದ ಲೆಕ್ಕ ಹಾಕಿ ಬೆಲೆ ಹೇಳುವವರಿಗೆ ನಕ್ಕು ಸುಮ್ಮನಾಗಿ. ಸಾಮಾನ್ಯ ಗಾತ್ರದ ನಿಬ್ಬಿನಲ್ಲಿ ಒಂದು ಗ್ರಾಮ್ ಚಿನ್ನವೂ ಇರುವುದಿಲ್ಲ.

ಇಂಕು ತುಂಬುವ ಬಗೆ: ಕೈ ಸುಡುವುದು ಇಲ್ಲೇ

ಹಳೇ ಪೆನ್ನಿನಲ್ಲಿ ಮೊದಲು ಸಾಯುವುದು ರಬ್ಬರು. ಬಿಸಿ, ಒಣ ಹವೆಯಲ್ಲಿ ಇನ್ನೂ ಬೇಗ.

ಡ್ರಾಪರಿನಿಂದ ನೇರ ಮೈಯೊಳಗೇ ಇಂಕು ಹಾಕುವ ಪೆನ್ನಿನಲ್ಲಿ ಕೆಡುವಂಥದ್ದು ಏನೂ ಇಲ್ಲ. 2ರಿಂದ 3 ಮಿ.ಲೀ. ಇಂಕು ಹಿಡಿಯುತ್ತದೆ, ಕನ್ವರ್ಟರಿನಲ್ಲಿ (ಪೆನ್ನಿನೊಳಗೆ ಕೂರಿಸಿ ಇಂಕೆಳೆಯುವ, ಬಿಚ್ಚಿ ತೆಗೆಯಬಹುದಾದ ಕೊಳವೆಯಲ್ಲಿ) 1 ಮಿ.ಲೀ. ಆಸುಪಾಸು ಅಷ್ಟೇ. ಮೈಯನ್ನು ಮುಂಭಾಗಕ್ಕೆ ತಿರುಗಿಸಿ ಕೂಡಿಸುವ ತಿರುಪಿನ ಮರೆ ಸವೆದಿದೆಯೇ ನೋಡಿದರೆ ಸಾಕು. ಮೊದಲ ಹಳೇ ಪೆನ್ನು ಕೊಳ್ಳುವವರು ಇದರಿಂದಲೇ ಶುರು ಮಾಡುವುದು ಜಾಣತನ. ಮುಂಬೈಯ ಏರ್‌ಮೇಲ್, ವ್ಯಾಲಿಟಿ, ಹಳೇ ಕ್ಯಾಮ್ಲಿನ್ ಪೆನ್ನುಗಳಲ್ಲೂ ಈ ಬಗೆ ಸಿಗುತ್ತದೆ.

ಹೊಟ್ಟೆಯ ಪಕ್ಕ ಸಣ್ಣ ಲಿವರ್ ಇರುವ ಪೆನ್ನಿನೊಳಗೆ ರಬ್ಬರಿನ ಚೀಲವಿರುತ್ತದೆ. ಲಿವರನ್ನು ಉಗುರಿನಿಂದ ಬರೀ ಒಂದೆರಡು ಮಿ.ಮೀ. ಎತ್ತಿ ನೋಡಿ. ಗಟ್ಟಿಯಾಗಿ ತಡೆದರೆ ಅಲ್ಲೇ ಬಿಡಿ: ಚೀಲ ಕಲ್ಲಾಗಿದೆ, ಬಲ ಹಾಕಿದರೆ ಲಿವರ್ ಮುರಿಯುತ್ತದೆ. ಅಲ್ಲಾಡಿಸಿದಾಗ ಒಳಗೆ ಕರಕರ ಸದ್ದಾದರೆ ಚೀಲ ಪುಡಿಯಾಗಿದೆ. ಎರಡೂ ರಿಪೇರಿಯಾಗುವ ದೋಷಗಳೇ, ಆದರೆ ಬೆಲೆಯಲ್ಲಿ ಅದನ್ನು ಕಳೆಯಿರಿ.

ಪಾರ್ಕರ್ 51 ಎಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. 1941ರಲ್ಲಿ ಬಂದ ಪೆನ್ನು. ಮೊದಲಿನವಕ್ಕೆ ಹಿಂಬದಿಯ ಮುಚ್ಚಳ ತೆಗೆದು ಒತ್ತುವ ವ್ಯಾಕುಮ್ಯಾಟಿಕ್ ವ್ಯವಸ್ಥೆ, ಒಳಗಿನ ರಬ್ಬರ್ ಪರದೆ ಬದಲಿಸದೆ ನಡೆಯುವುದಿಲ್ಲ. 1948ರಿಂದ ಬಂದ ಏರೋಮೆಟ್ರಿಕ್ ಬಗೆಯಲ್ಲಿ ಮೈ ಬಿಚ್ಚಿದರೆ ಲೋಹದ ಕವಚ, ಅದರಲ್ಲಿ ಒತ್ತುವ ಪಟ್ಟಿ ಕಾಣುತ್ತದೆ. ಇದರ ಚೀಲ ರಬ್ಬರಲ್ಲ, ಪ್ಲಾಸ್ಟಿಕ್. ಎಪ್ಪತ್ತು ವರ್ಷದ ಮೇಲೂ ಮೆದುವಾಗಿರುವುದು ಸಾಮಾನ್ಯ. ಬರೆಯಲು ಕೊಳ್ಳುವುದಾದರೆ ಏರೋಮೆಟ್ರಿಕ್ಕೇ ಇರಲಿ. ಪರೀಕ್ಷೆ ಹೀಗೆ: ಲೋಟದ ನೀರಿನಲ್ಲಿ ತುದಿ ಮುಳುಗಿಸಿ ಪಟ್ಟಿಯನ್ನು ಒತ್ತಿ ಬಿಡಿ. ಗುಳ್ಳೆ ಹೊರಬರಬೇಕು. ಐದಾರು ಸಲ ಒತ್ತಿ, ಮೇಲೆತ್ತಿ, ಬಟ್ಟೆಯ ಮೇಲೆ ಹಿಡಿದು ಒತ್ತಿದರೆ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಒಳಗಿನ ಗಾಳಿಯ ಕೊಳವೆ ಕಟ್ಟಿದೆ, ಇಲ್ಲವೇ ಚೀಲ ತೂತಾಗಿದೆ. 2021ರಲ್ಲಿ ಅದೇ ಹೆಸರಿನ ಹೊಸ ಪೆನ್ನು ಬಂತು. ಅದರ ಕ್ಯಾಪು ತಿರುಗಿಸಿ ಹಾಕುವಂಥದ್ದು, ಒಳಗೆ ಕಾರ್ಟ್ರಿಜ್ಜು (ಇಂಕು ತುಂಬಿಯೇ ಬರುವ ಕೊಳವೆ). ಹಳೆಯದರ ಕ್ಯಾಪು ಸೀದಾ ಜಾರಿ ಕೂರುತ್ತದೆ. ಇದೊಂದು ತಿಳಿದಿದ್ದರೆ ಯಾರೂ ಹೊಸದನ್ನು ಹಳೆಯದೆಂದು ಕೈಗಿಡಲಾರರು.

1960ರಲ್ಲಿ ಬಂದ ಪಾರ್ಕರ್ 45 ಇದಕ್ಕಿಂತ ಅಗ್ಗ, ಬಳಕೆಗೆ ಇನ್ನೂ ಸಲೀಸು. ಇಂದಿನ ಪಾರ್ಕರ್ ಕನ್ವರ್ಟರೇ ಕೂರುತ್ತದೆ, ನಿಬ್ಬಿನ ಭಾಗ ತಿರುಗಿಸಿ ಬಿಚ್ಚಿ ತೊಳೆಯಬಹುದು. 1956ರ ಪಾರ್ಕರ್ 61ರ ಮೊದಲ ಬಗೆ ಇಂಕನ್ನು ತಾನೇ ಹೀರಿಕೊಳ್ಳುವಂಥದ್ದು. ಅದರೊಳಗೆ ಒಣಗಿದ ಇಂಕು ತೆಗೆಯುವುದು ವಾರಗಟ್ಟಲೆ ಕೆಲಸ. 1952ರಿಂದ ಬಂದ ಶೀಫರ್ ಸ್ನಾರ್ಕೆಲ್‌ನ ಕೊಳವೆ ಹೊರಬರುವುದನ್ನು ನೋಡಲು ಮಜಾ, ರಿಪೇರಿ ಮಾತ್ರ ತಲೆನೋವು. ಎರಡನ್ನೂ ಮೊದಲ ಪೆನ್ನಾಗಿ ಕೊಳ್ಳಬೇಡಿ.

ಶಾಂಘೈನ ಹೀರೋ ನಮ್ಮ ಊರುಗಳಲ್ಲಿ ಧಾರಾಳ. 329, 616ರಲ್ಲಿ ಸ್ಟೀಲ್ ನಿಬ್ಬು, ಹೀರೋ 100ರಲ್ಲಿ ಚಿನ್ನದ್ದು. 616ರ ನಕಲಿಗಳು ಲೆಕ್ಕವಿಲ್ಲದಷ್ಟು, ಡಬ್ಬಿ ಡಬ್ಬಿಯಾಗಿ ಸಿಕ್ಕರೆ ಒಂದೊಂದನ್ನೂ ಅದ್ದಿ ಬರೆದು ಆರಿಸಿ. ಹತ್ತರಲ್ಲಿ ನಿಬ್ಬಿನ ತುದಿ ಮುಚ್ಚಿಗೆಯ ಮಧ್ಯಕ್ಕೆ ಸರಿಯಾಗಿ ಕೂತಿರುವುದನ್ನು ಮಾತ್ರ ಎತ್ತಿಕೊಳ್ಳಿ.

ಹಿಂಬದಿ ತಿರುಗಿಸಿ ಇಂಕೆಳೆಯುವ ಪಿಸ್ಟನ್ ಪೆನ್ನು ಬಿಗಿಯಾಗಿದ್ದರೆ ಅಂಗಡಿಯಲ್ಲಿ ತಿರುಗಿಸಲೇಬೇಡಿ. ಬಹಳ ಹಳೆಯದರಲ್ಲಿ ಒಳಗೆ ಬೆಂಡಿನ ಬಿರಡೆ ಇರುತ್ತದೆ, ಒಣಗಿದ್ದರೆ ಕುಗ್ಗಿ ಒಡೆಯುತ್ತದೆ.

ವಯಸ್ಸು, ವಸ್ತು, ಮೋಸ

1980ರ ನಂತರದ ಪಾರ್ಕರ್ ಪೆನ್ನುಗಳ ಕ್ಯಾಪಿನ ಅಂಚಿನಲ್ಲಿ ಒಂದು ಇಂಗ್ಲಿಷ್ ಅಕ್ಷರ ಹುಡುಕಿ. ಕ್ಯೂ, ಯು, ಎ, ಎಲ್, ಐ, ಟಿ, ವೈ, ಪಿ, ಇ, ಎನ್ ಎಂಬ ಹತ್ತು ಅಕ್ಷರ ಕ್ರಮವಾಗಿ 0ಯಿಂದ 9ರವರೆಗಿನ ಅಂಕಿ. ಸೇರಿಸಿ ಓದಿದರೆ ‘ಕ್ವಾಲಿಟಿ ಪೆನ್’. ಅದು ವರ್ಷದ ಕೊನೆಯ ಅಂಕಿ: ‘ಟಿ’ ಇದ್ದರೆ 1985, 1995, 2005 ಹೀಗೆ. ಯಾವ ದಶಕ ಎಂಬುದನ್ನು ಮಾಡೆಲ್ ನೋಡಿ ನಿರ್ಧರಿಸಬೇಕು. ‘ಅಜ್ಜನ ಕಾಲದ್ದು’ ಎಂದು ಕೊಟ್ಟ ಪೆನ್ನು ಎಷ್ಟೋ ಸಲ ಈ ಒಂದು ಅಕ್ಷರಕ್ಕೆ ಮೊಮ್ಮಗನ ಕಾಲದ್ದಾಗುತ್ತದೆ.

ಮೈ ಯಾವುದರದ್ದೆಂದು ತಿಳಿಯಲು ಹೆಬ್ಬೆರಳಿನಿಂದ ಬಿರುಸಾಗಿ ಉಜ್ಜಿ ಮೂಸಿ ನೋಡಿ. ಸುಟ್ಟ ರಬ್ಬರಿನ ವಾಸನೆ ಬಂದರೆ ಎಬೊನೈಟು, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡು (ಒಂದು ಬಗೆಯ ಹಳೇ ಪ್ಲಾಸ್ಟಿಕ್). ಕಪ್ಪು ಎಬೊನೈಟು ಬಿಸಿಲಿಗೆ, ನೀರಿಗೆ ಕಂದಾಗುತ್ತದೆ. ಅದು ಕೊಳೆಯಲ್ಲ, ಬಣ್ಣ ಮಾಸಿದ್ದು, ಬರವಣಿಗೆಗೆ ಅಡ್ಡಿಯಿಲ್ಲ. ಸೆಲ್ಯುಲಾಯ್ಡಿನ ಮೇಲೆ ಜಾಲದಂತೆ ಬಿರುಕು ಕಂಡರೆ ಅದು ಒಳಗಿನಿಂದ ಕೊಳೆಯುತ್ತಿದೆ, ಉಳಿಸುವ ಉಪಾಯವಿಲ್ಲ, ಬಿಡಿ. ಕಡ್ಡಿ ಗೀರಿ ಪರೀಕ್ಷೆ ಮಾಡುವ ಬುದ್ಧಿವಂತರಿದ್ದಾರೆ, ಸೆಲ್ಯುಲಾಯ್ಡು ಭಗ್ಗನೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ಗಮನಿಸಿ: ಫೆವಿಕ್ವಿಕ್ ಹಾಕಿ ಅಂಟಿಸಿದ ಬಿಳಿ ಮಂಜಿನ ಗುರುತು ಕಂಡ ಪೆನ್ನನ್ನು ಬಿಡಿ ಭಾಗದ ಬೆಲೆಗೆ ಮಾತ್ರ ಕೊಳ್ಳಿ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ನಾಲ್ಕು ಚಿತ್ರ ಕೇಳಿ: ನಿಬ್ಬು ಮೇಲಿನಿಂದ, ನಿಬ್ಬು ಪಕ್ಕದಿಂದ, ಕ್ಯಾಪಿನ ಬಾಯಿ, ಬಿಚ್ಚಿದ ಒಳಭಾಗ. ಬಿಚ್ಚಲು ಒಪ್ಪದವರಿಂದ ಕೊಳ್ಳಬೇಡಿ.

ಮನೆಗೆ ತಂದ ಮೇಲೆ

ಕೊಳವೆಬಾವಿ ನೀರಿನಿಂದ ತೊಳೆಯಬೇಡಿ. ನಮ್ಮ ಕಡೆ ಅದು ಗಡಸು. ಫೀಡಿನ (ನಿಬ್ಬಿನ ಕೆಳಗಿದ್ದು ಇಂಕು ಸಾಗಿಸುವ ತುಂಡಿನ) ಸಣ್ಣ ಗೀರುಗಳಲ್ಲಿ ಒಣಗಿ ಬಿಳಿ ಪದರವಾಗಿ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು, ಆರ್‌ಒ ನೀರೂ ನಡೆಯುತ್ತದೆ. ನಿಬ್ಬಿನ ಭಾಗವನ್ನು ಮಾತ್ರ ತಣ್ಣೀರಿನಲ್ಲಿ ಅದ್ದಿಟ್ಟು, ನೀರು ಬಣ್ಣ ಬಿಡುವುದು ನಿಲ್ಲುವವರೆಗೆ ನಾಲ್ಕಾರು ತಾಸಿಗೊಮ್ಮೆ ಬದಲಿಸಿ. ಎಬೊನೈಟನ್ನು ನೆನೆಸಬೇಡಿ, ಡ್ರಾಪರಿನಿಂದ ನೀರು ಹಾಯಿಸಿ ಒರೆಸಿ. ಬಿಸಿನೀರು ಯಾವುದಕ್ಕೂ ಬೇಡ. ಮೊಂಡು ಇಂಕಿಗೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ, ಒಂದು ಹನಿ ಪಾತ್ರೆ ತೊಳೆಯುವ ದ್ರವ. ಅಲ್ಯೂಮಿನಿಯಂ ಭಾಗವಿದ್ದರೆ ಇದೂ ಬೇಡ. ಸ್ಪಿರಿಟು, ನೇಲ್ ಪಾಲಿಶ್ ರಿಮೂವರ್ ತಾಗಿಸಿದರೆ ಪೆನ್ನಿನ ಮೈಯೇ ಕರಗುತ್ತದೆ. ಕನ್ನಡಕದ ಅಂಗಡಿಯವರ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಬಿಚ್ಚಿದ ನಿಬ್ಬು, ಫೀಡು ಮಾತ್ರ ಐದು ನಿಮಿಷ ಹಾಕಿಸಬಹುದು.

ರಬ್ಬರ್ ಚೀಲ ಬದಲಿಸುವವರು ಹಳೆಯದನ್ನು ಎಸೆಯುವ ಮುನ್ನ ಉದ್ದ ಅಳೆದುಕೊಳ್ಳಿ. ಚೀಲದ ನಂಬರು ಉದ್ದದ್ದಲ್ಲ, ಅದರ ವ್ಯಾಸದ್ದು, ಇಂಚಿನ 64ನೇ ಭಾಗದ ಲೆಕ್ಕ: 16 ನಂಬರ್ ಎಂದರೆ 16/64 ಇಂಚು, ಸುಮಾರು 6.35 ಮಿ.ಮೀ. ಮುಂಭಾಗ ಸಡಿಲಿಸಲು ಹೇರ್ ಡ್ರೈಯರಿನ ಹದ ಬಿಸಿ ಸಾಕು, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಚೀಲ ಅಂಟಿಸಲು ಶೆಲ್ಲಾಕ್ ಬಳಸಿ, ಬಡಗಿಗಳು ಪಾಲಿಶ್‌ಗೆ ಸ್ಪಿರಿಟಿನಲ್ಲಿ ಕರಗಿಸುವ ಅದೇ ಅರಗು. ಮುಂದೆ ಬಿಚ್ಚಬೇಕಾದಾಗ ಅದು ಬಿಸಿಗೆ ಬಿಡುತ್ತದೆ, ಫೆವಿಕ್ವಿಕ್ ಬಿಡುವುದಿಲ್ಲ. ಒಂದು ರಾತ್ರಿ ಒಣಗಲು ಬಿಟ್ಟು, ಚೀಲಕ್ಕೆ ಟಾಲ್ಕ್ ಪುಡಿ ಸವರಿ ಒಳಗೆ ಸೇರಿಸಿ.

ಡ್ರಾಪರ್ ಪೆನ್ನಿನ ಮರೆಗೆ ಶುದ್ಧ ಸಿಲಿಕೋನ್ ಗ್ರೀಸು ತೆಳ್ಳಗೆ ಹಚ್ಚಿ. ವ್ಯಾಸಲಿನ್ ರಬ್ಬರನ್ನು ತಿನ್ನುತ್ತದೆ. ನಲ್ಲಿಗೆ ಸುತ್ತುವ ಟೇಪು ಸುತ್ತಿದರೆ ಮೈ ಸೀಳುತ್ತದೆ. ನೀರು ತುಂಬಿ, ಕ್ಯಾಪು ಹಾಕಿ, ಟಿಶ್ಯೂ ಸುತ್ತಿ ನಿಬ್ಬು ಕೆಳಗಾಗಿ ಒಂದು ರಾತ್ರಿ ನಿಲ್ಲಿಸಿ. ಟಿಶ್ಯೂ ಒಣಗಿದ್ದರೆ ಇಂಕು ತುಂಬಿ. ಬ್ರಿಲ್, ಕ್ಯಾಮ್ಲಿನ್‌ನ ಸಾಮಾನ್ಯ ನೀಲಿ ಸಾಕು. ಪೆನ್ನಿನ ಜೊತೆ ಸಿಕ್ಕ ಹಳೇ ಇಂಕಿನ ಬಾಟಲಿ ಚೆಂದವಿದ್ದರೆ ಷೋಕೇಸಿಗೆ, ಅದರ ತಳದ ಗಸಿ ಪೆನ್ನಿಗಲ್ಲ. ಚಿತ್ರ ಬರೆಯುವ ಇಂಡಿಯಾ ಇಂಕು ಎಂದೂ ಹಾಕಬೇಡಿ, ಒಳಗೆ ಅರಗಿನಂತೆ ಗಟ್ಟಿಯಾಗುತ್ತದೆ.

ರಾಯಚೂರಿನ ಮೇ ತಿಂಗಳಲ್ಲಿ ಡ್ರಾಪರ್ ಪೆನ್ನು ದಪ್ಪ ಹನಿ ಉದುರಿಸಿದರೆ ಪೆನ್ನು ಕೆಟ್ಟಿತೆಂದುಕೊಳ್ಳಬೇಡಿ. ಒಳಗೆ ಇಂಕು ಕಡಿಮೆಯಾಗಿ ಗಾಳಿ ಹೆಚ್ಚಿದಾಗ, ಕೈಯ ಕಾವಿಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರದಬ್ಬುತ್ತದೆ. ಮೂರನೇ ಒಂದು ಪಾಲಿಗೆ ಇಳಿಯುವ ಮೊದಲೇ ತುಂಬಿಕೊಳ್ಳಿ. ಜೇಬಿನಲ್ಲಿ ನಿಬ್ಬು ಮೇಲಾಗಿರಲಿ, ಬೈಕಿನ ಡಿಕ್ಕಿಯಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಬಳಸದೆ ಎತ್ತಿಡುವುದಾದರೆ ಖಾಲಿ ಮಾಡಿ, ತೊಳೆದು, ಒಣಗಿಸಿ ಇಡಿ. ಸೆಲ್ಯುಲಾಯ್ಡ್ ಪೆನ್ನನ್ನು ಎಬೊನೈಟ್ ಪೆನ್ನು, ರಬ್ಬರ್ ಚೀಲಗಳ ಜೊತೆ ಒಂದೇ ಮುಚ್ಚಿದ ಡಬ್ಬಿಯಲ್ಲಿಡಬಾರದು, ರಬ್ಬರಿನ ಗಂಧಕದ ಆವಿಗೆ ಅದರ ಬಣ್ಣ ಕೆಡುತ್ತದೆ. ಗಾಳಿಯಾಡುವ ಬಟ್ಟೆಯ ಚೀಲ ಹೊಲಿಸಿ ಬೇರೆಬೇರೆ ಇಡಿ.